ಮಲ್ಲಿಗೆ ಪೆಟ್ಟಿಗೆಯೊಳಗಿನ ಫೋನು

ತಮಿಳುನಾಡಿನ ನಿಲಕ್ಕೋಟ್ಟೈಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನಗೆ ಉಪದೇಶದ ಚಟ. ಹೊಸ ಬ್ಯಾಟರಿ ಹಾಕಿಸಲು ಬಂದ ಹೂವಿನ ವ್ಯಾಪಾರಿ ಅಕ್ಕನನ್ನೂ ಬಿಡಲಿಲ್ಲ. "ನೂರರವರೆಗೆ ಚಾರ್ಜ್ ಮಾಡ್ಬೇಡಿ, ಎಂಬತ್ತಕ್ಕೇ ತೆಗೆದುಬಿಡಿ. ಬಿಸಿಯಾಗೋಕೆ ಬಿಡ್ಬೇಡಿ, ತಂಪಾದ ಕಡೆ ಇಡಿ."

ಮರುದಿನ ಅಕ್ಕ ಬರಿಗೈಲಿ ಬಂದರು. ಮಾರ್ಕೆಟ್ಟಿನಲ್ಲಿ ಅವರಿಗೆ ಗೊತ್ತಿದ್ದ ತಂಪು ಜಾಗ ಒಂದೇ, ಐಸ್ ಹಾಕಿ ಮಲ್ಲಿಗೆ ತುಂಬುವ ಥರ್ಮಾಕೋಲ್ ಪೆಟ್ಟಿಗೆ. ಫೋನನ್ನು ಅದರೊಳಗಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಯಾರೋ ಪೆಟ್ಟಿಗೆಗೆ ಟೇಪ್ ಸುತ್ತಿ ಮದುರೈ ಗಾಡಿಗೆ ಏರಿಸಿದ್ದರು.

"ನಿಮ್ಮ ನಂಬರಿಗೆ ಫೋನ್ ಮಾಡಿದ್ರಾ?" ಎಂದೆ.

"ಪಕ್ಕದವರ ಫೋನಿಂದ ಮಾಡ್ದೆ ತಂಬಿ. ಅಲ್ಲಿಯ ವ್ಯಾಪಾರಿ ಎತ್ತಿದ. ನೀ ಹೇಳಿದ್ದು ನಿಜ, ಚಾರ್ಜ್ ಇನ್ನೂ ಎಪ್ಪತ್ತೊಂಬತ್ತು ಇದೆಯಂತೆ!"

ಆಮೇಲೆ ಬೆಳಗಿನಿಂದ ಚಾರ್ಜರಿಗೇ ನೇತಾಡುತ್ತಿದ್ದ ನನ್ನ ಫೋನನ್ನು ಮುಟ್ಟಿ, ಫಕ್ಕನೆ ಕೈ ಹಿಂದಕ್ಕೆಳೆದುಕೊಂಡರು.

"ಇದನ್ನೂ ಮದುರೈಗೆ ಕಳಿಸ್ಲಾ, ತಂಬಿ?"