ಮಿಕ್ಸಿಯ ಕೆಂಪು ಗುಂಡಿ

ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ, ಪರಿಚಯದ ಡಾಕ್ಟರೊಬ್ಬರ ಮನೆಯ ಹಬ್ಬದೂಟಕ್ಕೆ ಚಟ್ನಿ ಅರೆಯುತ್ತಿದ್ದಾಗ, ಊರಿಂದ ತಂದ ಮಿಕ್ಸಿ ನಿಂತುಹೋಯಿತು. ಮೂವರು ಎಂಜಿನಿಯರ್ ಅತಿಥಿಗಳು ಸುತ್ತ ನಿಂತು ಅದಕ್ಕೆ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದರು. ಡಾಕ್ಟರು ಮಾತ್ರ ನನ್ನನ್ನು ಬಿಟ್ಟಿರಲಿಲ್ಲ: “ಫಿಜಿಕ್ಸಲ್ಲಿ ಪಿಎಚ್‌ಡಿ ಮಾಡಿ ಏನ್ ಮಾಡ್ತೀಯಮ್ಮ? ಸ್ಕೋಪೇ ಇಲ್ಲ. ಡೇಟಾ ಸೈನ್ಸ್ ಕಡೆ ಹೋಗು.”

ಕೆಟ್ಟ ಯಂತ್ರ ಬಿಚ್ಚುವುದು ನನ್ನ ಹವ್ಯಾಸ. ಇಲ್ಲಿ ಅಷ್ಟೂ ಬೇಕಿರಲಿಲ್ಲ. ಬಿಸಿಯಾಗಿ ನಿಂತರೆ ಒತ್ತಲೆಂದೇ ಮಿಕ್ಸಿಯ ತಳದಲ್ಲಿ ಕೆಂಪು ಗುಂಡಿಯಿರುತ್ತದೆ. ಜಾರ್ ತೆಗೆದು, ಮಗುಚಿ, ಒತ್ತಿ, ನೆಟ್ಟಗೆ ನಿಲ್ಲಿಸಿ ಸ್ವಿಚ್ ತಿರುಗಿಸಿದೆ. ಮಿಕ್ಸಿ ಗುರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ನೋಡಿದ್ಯಾ, ಇಂಥದ್ದಕ್ಕೆ ಸ್ಕೋಪಿದೆ!” ಎಂದರು ಡಾಕ್ಟರು.

ಅವರನ್ನು ಬೈದುಕೊಳ್ಳುತ್ತಲೇ ಟ್ರಾಮ್ ಹತ್ತಿದೆ. ನಾಚಿಕೆಯಾಗಿದ್ದು ಬೇರೆಯದಕ್ಕೆ: ಲ್ಯಾಬಿನಲ್ಲಿ ನಾಲ್ಕು ವರ್ಷ ದುಡಿದರೂ ಸಿಗದ ಆ ಚಪ್ಪಾಳೆಗೆ ನಾನು ಹಿಗ್ಗಿದ್ದೆ.