ಐದು ಮೇಯರುಗಳ ಹಿಂದಿನ ಗೊತ್ಸೋನ್

ಬೆಳಗಿನ ಐದೂವರೆ. ಬಂದರಿನ ಎದುರಿಗಿರುವ, ಕಚೇರಿಯೂ ಕಾಫಿ ಅಂಗಡಿಯೂ ಆದ ಪಕ್ಷದ ಮನೆಯ ಮುಚ್ಚಿದ ಬಾಗಿಲ ಮುಂದೆ ಗೊತ್ಸೋನ್ ಲರ್ರೌರಿ ಕೈಕಟ್ಟಿ ನಿಂತಿದ್ದಾರೆ. ಇಪ್ಪತ್ತಾರು ವರ್ಷ ಈ ಬಾಗಿಲನ್ನು ತೆರೆದವರು ಅವರೇ. ನಿನ್ನೆಯ ಸಭೆಯಲ್ಲಿ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟರು. ಕಾಲು ಮಾತ್ರ ಅಭ್ಯಾಸದಂತೆ ಇಲ್ಲಿಗೇ ಎಳೆದು ತಂದಿದೆ.

"ಮನೇಲಿ ಕೂತ್ರೆ ಹೆಂಡ್ತಿ ಗಡಿಯಾರ ನೋಡ್ತಾಳೆ. ಇಲ್ಲಾದ್ರೆ ಕಾಫಿನಾದ್ರೂ ಸಿಗುತ್ತೆ" ಎನ್ನುತ್ತಾರೆ.

ಅರವತ್ತೆಂಟರ ಗೊತ್ಸೋನ್ ನಿನ್ನೆಯವರೆಗೂ ನಮ್ಮೂರಿನಲ್ಲಿ, ಬಾಸ್ಕ್ ನಾಡು ನಮ್ಮದು ಎನ್ನುವವರ ಪಕ್ಷದ ಅಧ್ಯಕ್ಷರು. ಹೆಸರು ದೊಡ್ಡದು, ಸಂಬಳ ಸೊನ್ನೆ. ಹೊಟ್ಟೆಪಾಡಿಗೆ ನಲವತ್ತು ವರ್ಷ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದರು. ಸರ್ವಾಧಿಕಾರಿಯ ಕಾಲದಲ್ಲಿ ಬಾಸ್ಕ್ ಕರಪತ್ರ ಹಂಚಿದ್ದಕ್ಕೆ ಅಪ್ಪ ಎರಡು ವರ್ಷ ಜೈಲು ಕಂಡಿದ್ದರು. ಮಗ ಅದೇ ಪಕ್ಷದ ಮನೆಯಲ್ಲಿ ಕಸ ಗುಡಿಸುವುದರಿಂದ ಶುರುಮಾಡಿದರು.

ದಿನಕ್ಕೆ ಮೂವತ್ತು ನಲವತ್ತು ಜನರ ದೂರು ಕೇಳಬೇಕು. ಚುನಾವಣೆ ಬಂತೆಂದರೆ ಸಾವಿರದ ಒಂಬೈನೂರು ಮನೆಗಳಿಗೆ ಪಕ್ಷದ ಅಭ್ಯರ್ಥಿಗಳ ಪಟ್ಟಿ ಅಚ್ಚಾದ ಮತಚೀಟಿಯನ್ನು ಲಕೋಟೆಗೆ ತುಂಬಿ ಕಳಿಸಬೇಕು. ಐದು ಮೇಯರುಗಳ ಹೆಸರು ಹೀಗೆ ಅವರ ಕೈಯಿಂದ ಹೋಗಿದೆ. ಅವರದು ಒಮ್ಮೆಯೂ ಇಲ್ಲ. ಪಕ್ಷದ ಮನೆ ನಡೆಸುವವರು ಊರಿನ ಅಧಿಕಾರ ಹಿಡಿಯುವಂತಿಲ್ಲ, ಅದು ಹಳೆಯ ಕಟ್ಟಳೆ. ಮೇಯರನ್ನು ಕರೆದು ಕಿವಿ ಹಿಂಡಲು ಹೊರಗೊಬ್ಬರು ಇರಬೇಕಲ್ಲ.

"ಆಸೆ ಇರ್ಲಿಲ್ವಾ?" ಎಂದು ಕೇಳುತ್ತೇನೆ.

"ಯಾಕಿಲ್ಲ? ಊರಹಬ್ಬದಲ್ಲಿ ಮೇಯರ್ ಅಧಿಕಾರದ ಕೋಲು ಹಿಡ್ಕೊಂಡು ಮುಂದೆ ನಡೀವಾಗ ಪ್ರತಿ ಸಲ ಹೊಟ್ಟೆ ಉರೀತಿತ್ತು. ಸುಳ್ಳ್ಯಾಕೆ ಹೇಳ್ಲಿ."

ಗೆದ್ದರೆ ಮೇಯರಾಗುವುದು ಪಟ್ಟಿಯ ಮೊದಲ ಹೆಸರಿನವರು; ಈ ಸಲ ಆ ಹೆಸರು ಅವರದೇ ಇರಲಿ ಎಂದು ಸದಸ್ಯರು ಹಟ ಹಿಡಿದರು. ಅಧ್ಯಕ್ಷಗಿರಿಗೆ ಮಾತ್ರ ಯಾರೂ ಮುಂದೆ ಬರಲಿಲ್ಲ. ಎರಡನ್ನೂ ನೀನೇ ಇಟ್ಟುಕೋ, ಯಾರು ನೋಡುತ್ತಾರೆ ಎಂದರು.

"ಎರಡು ದೋಣಿ ಮೇಲೆ ಕಾಲಿಟ್ಟೋರನ್ನ ಈ ಬಂದರಲ್ಲಿ ಬೇಕಾದಷ್ಟು ಸಲ ಮೇಲಕ್ಕೆತ್ತಿದ್ದೀವಿ" ಎಂದು ಗೊತ್ಸೋನ್ ಪಟ್ಟಿಗೆ ಹೆಸರು ಕೊಡದೆ ಕೂತುಬಿಟ್ಟರು. ಆಸೆಪಟ್ಟ ಕುರ್ಚಿ ಅಲ್ಲಿಗೇ ತಪ್ಪಿಹೋಗುತ್ತಿತ್ತು. ಕೊನೆಗೆ ಬಲೆ ಹೊಲಿಯುವ ಮೂವತ್ತನಾಲ್ಕರ ಗರಾಸಿ ಬೆಲೌಸ್ತೆಗಿ, ನಾನು ಅಧ್ಯಕ್ಷೆಯಾಗುತ್ತೇನೆ ಎಂದು ಕೈ ಎತ್ತಿದರು.

ಈಗ ಅದೇ ಗರಾಸಿ ಬಂದು ಬಾಗಿಲು ತೆರೆಯುತ್ತಾರೆ. ಕಾಫಿ ಕೊಡುತ್ತಲೇ ವಿಚಾರಣೆ ಶುರು.

"ಮಾಮ, ಗೆದ್ರೆ ಬಂದರಿನ ಧಕ್ಕೆ ಮೇಲೆ ಕಾರ್ ನಿಲ್ಸೋಕೆ ಬಿಡ್ತೀನಿ ಅಂತ ದೋಣಿಯೋರಿಗೆ ಮಾತು ಕೊಟ್ರಂತೆ?"

"ಕೊಟ್ಟೆ. ಅರವತ್ತು ವೋಟು ಕಣೇ ಅದು."

"ನಾವು ಬಲೆ ಹರಡೋದು ಎಲ್ಲಿ? ಪಕ್ಷದ ಸಮಿತೀನ ಕೇಳಿದ್ರಾ?"

"ಇಲ್ಲ."

"ಹಾಗಾದ್ರೆ ಹೋಗಿ ಮಾತು ವಾಪಸ್ ತಗೊಳ್ಳಿ. ಇವತ್ತೇ."

ಕಳೆದ ಬಾರಿ ಪಕ್ಷ ಇಲ್ಲಿ ಗೆದ್ದದ್ದು ನಲವತ್ತೊಂದು ಮತಗಳಿಂದ. ಗೊತ್ಸೋನ್ ಮುಖ ಸಪ್ಪಗಾಗುತ್ತದೆ. ನೋಡಲು ನನಗೇ ಬೇಸರ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು, ಟೊಪ್ಪಿ ಸರಿಮಾಡಿಕೊಂಡು ದೋಣಿಗಳತ್ತ ಹೊರಡುತ್ತಾರೆ. ನಾನೂ ಹಿಂದೆಯೇ ಹೋಗುತ್ತೇನೆ.

"ಸೋತ್ರೆ?"

"ಸೋಲ್ತೀನಿ" ಎಂದು ಪಕ್ಷದ ಮನೆಯ ಕಡೆ ತಿರುಗಿ ನೋಡುತ್ತಾರೆ. ಆಮೇಲೆ ಹೇಳುತ್ತಾರೆ: "ಮೇಯರ್‌ಗೆ ಎದುರು ನಿಂತು ಹೀಗೆ ಹೇಳೋಕೆ ನಂಗೆ ನಾಲ್ಕು ವರ್ಷ ಬೇಕಾಯ್ತು. ಅವಳು ಒಂದೇ ದಿನದಲ್ಲಿ ಕಲಿತ್ಲು ನೋಡಿ."