ಕಾಮಿಕ್ಸಿನಲ್ಲಿ ಹೆಂಡತಿ ಹೇಳಿದ ಹೆಸರು

ಕುಷ್ಟಗಿಯ ನಮ್ಮ ಸೀರೆ ಅಂಗಡಿಯ ಜಾಹೀರಾತಿಗೆ ಕಾಮಿಕ್ಸ್ ಮಾಡಿಸೋಣವೆಂದು ನಾನು, ಹೆಂಡತಿ ನಮ್ಮ ನಾಲ್ಕು ಫೋಟೋ ಹಿಡಿದು ಗಂಗಾವತಿಯ ಸ್ಟುಡಿಯೋಗೆ ಹೋದೆವು. ಕಂಪ್ಯೂಟರ್ ಮುಂದಿದ್ದ ಹೆಣ್ಣುಮಗಳು ಏನೋ ಒತ್ತಿದಳು. ಇಬ್ಬರೂ ಗೆರೆಯ ಚಿತ್ರವಾದೆವು. ನನ್ನ ಹೊಟ್ಟೆಯನ್ನು ಮಾತ್ರ ಆ ಸಾಫ್ಟ್‌ವೇರ್ ಇದ್ದದ್ದಕ್ಕಿಂತ ಧಾರಾಳವಾಗಿ ಬಿಡಿಸಿತ್ತು. ಆಮೇಲೆ ಆ ಹೆಣ್ಣುಮಗಳು ಚಿತ್ರದಲ್ಲಿ ಹೆಂಡತಿಯ ಬಾಯಿಯ ಹತ್ತಿರ ಮಾತಿನ ಗುಳ್ಳೆಯೊಂದನ್ನು ಎಳೆದು, ಅದರೊಳಗೆ ‘ನಮ್ಮ ಶರಣಪ್ಪನ ಅಂಗಡಿಗೆ ಬರ್ರಿ’ ಎಂದು ಬರೆದಳು.

ಹೆಂಡತಿ ಎದ್ದೇ ನಿಂತಳು. “ಮದವಿ ಆದಾಗಿಂದ ಇವ್ರ ಹೆಸರು ನಾ ಬಾಯಾಗ ತಂದಿಲ್ಲ. ಇದನ್ನ ಊರ ತುಂಬ ಹಂಚಿದ್ರ ನಾ ಅಂಗಡ್ಯಾಗ ಕುಂದ್ರಾಂಗಿಲ್ಲ!”

“ನೀವಲ್ರೀ ಅಕ್ಕಾರ, ಚಿತ್ರ ಹೇಳಾಕತ್ತೈತಿ.”

“ಬಾಯಿ ನಂದ ಐತಲ್ಲ ತಂಗಿ!”

ಅವಳು ಕೂರದಿದ್ದರೆ ಅಂಗಡಿ ನಡೆದಂತೆಯೇ! ನಮ್ಮಲ್ಲಿ ಸೀರೆ ಮಾರುವವಳು ಅವಳು, ಮಡಚಿಡುವವನು ನಾನು.

ಕೊನೆಗೆ ದಾರಿ ತೆಗೆದವಳೂ ಅವಳೇ. ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ, ಒಡಪು ಕಟ್ಟಿ ಹೇಳಿದರೆ ತಪ್ಪಿಲ್ಲವಲ್ಲ! ಗುಳ್ಳೆಯೊಳಗೆ ಬರೆಸಿದಳು: “ಹುಲಿಗಿ ಹೊಳಿಗೆ ಹರದ ಬಂತು ನೀರ, ಶರಣಪ್ಪನೋರ ಅಂಗಡ್ಯಾಗ ಸೀರಿ ಸಾವಿರ.”

ಈಗ ಆ ಕಾಗದ ಹಿಡಿದು ಬರುವ ಹೆಣ್ಣುಮಕ್ಕಳು, “ಒಡಪು ಬಾಯ್ಲೆ ಹೇಳ್ರಿ ಅಕ್ಕಾರ” ಎಂದು ಕಾಡುತ್ತಾರೆ. “ಮೊದ್ಲ ಸೀರಿ ತೊಗೊಳ್ರಿ” ಅನ್ನುತ್ತಾಳೆ ಇವಳು. ಸೀರೆ ಚೀಲಕ್ಕೆ ಹೋದ ಮೇಲೆ, “ಮುಂದಿನ ಸಲ ಬರ್ರಿ, ಹೇಳ್ತೀನಿ” ಅನ್ನುತ್ತಾಳೆ. ಈ ವ್ಯಾಪಾರವನ್ನಂತೂ ನಾನು ಕಲಿಸಿದ್ದಲ್ಲ.